ಅಂಗಾಲಿನ ಎಣ್ಣೆ, ಬಚ್ಚಲುಮನೆಯ ದಾರಿ

ಕಳೆದ ಶ್ರಾವಣದಲ್ಲಿ 78 ವರ್ಷದ ತಾಯಿಯೊಬ್ಬರನ್ನು ಅವರ ಮಗ ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಬಲಗೈಯ ಮಣಿಕಟ್ಟು ಬಾತಿತ್ತು. ಹೇಗಾಯಿತೆಂದು ಕೇಳಿದರೆ ತಾಯಿ ಮಗನ ಮುಖ ನೋಡಿ ಸುಮ್ಮನಾದರು. ಮಗ ಹೊರಗೆ ಹೋದ ಮೇಲೆ ಮೆಲ್ಲನೆ ಹೇಳಿದರು: “ನಿದ್ದೆ ಬರಲೆಂದು ಅಂಗಾಲಿಗೆ ಎಣ್ಣೆ ತಿಕ್ಕಿಕೊಳ್ಳಿರಿ ಅಂತ ನೀವೇ ಹೇಳಿದ್ದಿರಿ ಡಾಕ್ಟರೇ. ನಡುರಾತ್ರಿ ಬಚ್ಚಲಿಗೆ ಎದ್ದೆ, ಜಾರಿದೆ.” ಅದಕ್ಕೂ ಮೊದಲು ಎರಡು ಸಲ ಬಿದ್ದಿದ್ದರಂತೆ. ಮನೆಯಲ್ಲಿ ತಿಳಿಸಿರಲಿಲ್ಲ. ತಿಳಿದರೆ ಹುಣ್ಣಿಮೆಗೆ ಮಠಕ್ಕೆ ಕಳುಹಿಸುವುದಿಲ್ಲವೆಂಬ ಅಂಜಿಕೆ.

ತಪ್ಪು ನಮ್ಮದು. ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಣ್ಣೆ ಹಚ್ಚಬೇಕೆಂದು ವಾಗ್ಭಟಾಚಾರ್ಯರು ಹೇಳಿರುವುದು ನಿಜ. ಆದರೆ ಅವರ ಕಾಲದಲ್ಲಿ ಟೈಲ್ಸ್ ಇರಲಿಲ್ಲ. ಈಗ ನಾವು ಹೀಗೆ ಹೇಳುತ್ತೇವೆ: ಎಣ್ಣೆ ಹಚ್ಚಿ ಅರ್ಧ ಗಂಟೆ ಹಾಸಿಗೆಯಲ್ಲಿಯೇ ಇರಿ, ಆಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಅಂಗಾಲು, ಬೆರಳಸಂದುಗಳನ್ನು ಚೆನ್ನಾಗಿ ಒರೆಸದೆ ನೆಲಕ್ಕೆ ಕಾಲಿಡಬೇಡಿ. ಎಣ್ಣೆಸ್ನಾನವನ್ನು ಕುರ್ಚಿಯ ಮೇಲೆ ಕುಳಿತೇ ಮಾಡಿ. ನಂತರ ಬಚ್ಚಲಿನ ನೆಲವನ್ನು ಮನೆಯ ಕಿರಿಯರು ಸೀಗೆಪುಡಿ ಹಾಕಿ ತಿಕ್ಕಿ ತೊಳೆಯಲಿ.

ವೃದ್ಧಾಪ್ಯ ವಾತದ ಕಾಲ. ಮೂಳೆ, ಸ್ನಾಯು, ಕಣ್ಣು, ಕಿವಿ ಎಲ್ಲವೂ ಸವೆಯುತ್ತವೆ. ಹಳೆಯ ಮಧುಮೇಹವಿದ್ದವರ ಪಾದಕ್ಕೆ ನೆಲದ ಸ್ಪರ್ಶವೇ ಸರಿಯಾಗಿ ತಿಳಿಯದು. ಇದರ ಮೇಲೆ ಗುಳಿಗೆಗಳ ಪ್ರಭಾವ. ರಕ್ತದೊತ್ತಡ, ಪ್ರಾಸ್ಟೇಟ್, ನಿದ್ರೆಯ ಗುಳಿಗೆ ಸೇವಿಸುವವರಲ್ಲಿ ಹಲವರಿಗೆ ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುತ್ತದೆ. ಮಲಗಿದ್ದಾಗ ಒಮ್ಮೆ, ನಿಂತು 3 ನಿಮಿಷದೊಳಗೆ ಇನ್ನೊಮ್ಮೆ ರಕ್ತದೊತ್ತಡ ಅಳೆಸಿರಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಗುಳಿಗೆ ಕೊಟ್ಟ ವೈದ್ಯರಿಗೆ ತಿಳಿಸಿರಿ, ನೀವಾಗಿಯೇ ನಿಲ್ಲಿಸಬೇಡಿ. ನಾವು ಕೊಟ್ಟ ಚೂರ್ಣ, ಕಷಾಯಗಳನ್ನೂ ಸೇರಿಸಿ ಎಲ್ಲ ಔಷಧಿಗಳನ್ನು ಒಂದೇ ಚೀಲದಲ್ಲಿ ತಂದು ತೋರಿಸಿರಿ.

ಮನೆಯೊಳಗೆ ಹೆಚ್ಚು ಅಪಾಯವಿರುವುದು ಹಾಸಿಗೆಯಿಂದ ಬಚ್ಚಲಿನವರೆಗಿನ ಹತ್ತಿಪ್ಪತ್ತು ಹೆಜ್ಜೆಗಳಲ್ಲಿ. ಅದೂ ನಡುರಾತ್ರಿ, ಇಲ್ಲವೆ ಪೂಜೆಗೆ ಮುನ್ನ ಮಬ್ಬುಗತ್ತಲಲ್ಲಿ ಸ್ನಾನಕ್ಕೆ ಏಳುವಾಗ. ಎಚ್ಚರವಾದೊಡನೆ ಏಳದೆ ಹಾಸಿಗೆಯ ಅಂಚಿನಲ್ಲಿ ಕುಳಿತು ಪಾದಗಳನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಿ, ಬಳಿಕ ಏಳಬೇಕು. ದಾರಿಯಲ್ಲಿ ಸಣ್ಣ ದೀಪ ರಾತ್ರಿಯಿಡೀ ಉರಿಯಲಿ. ಕೌದಿಯ ಅಂಚು, ಮಡಚಿಕೊಂಡ ಜಮಖಾನೆ ಕಾಲಿಗೆ ಸಿಕ್ಕದಿರಲಿ. ಎತ್ತರದ ಹೊಸ್ತಿಲಿನ ಅಂಚಿಗೆ ಬಿಳಿ ಬಣ್ಣ ಬಳಿದರೆ ಮಂದದೃಷ್ಟಿಗೂ ಕಾಣುತ್ತದೆ. ಬಚ್ಚಲಿನಲ್ಲಿ ಗೋಡೆಗೆ ಭದ್ರವಾಗಿ ಕೂರಿಸಿದ ಉಕ್ಕಿನ ಹಿಡಿಕೆ ಬೇಕು. ಟವೆಲ್ ಹಾಕುವ ಸರಳು ದೇಹದ ಭಾರ ತಡೆಯುವುದಿಲ್ಲ. ಅದನ್ನೇ ಹಿಡಿದು ಸರಳಿನೊಂದಿಗೆ ಬಿದ್ದವರನ್ನು ನಾವು ಕಂಡಿದ್ದೇವೆ.

ಬೀಳುವ ಅಂಜಿಕೆಯಿಂದ ಓಡಾಟ ಬಿಡಿಸುವುದು ಸರಿಯಲ್ಲ. ಕುಳಿತಲ್ಲೇ ಕುಳಿತರೆ ತೊಡೆಯ ಬಲ ಕುಂದಿ ಬೀಳುವ ಸಂಭವವೇ ಹೆಚ್ಚುತ್ತದೆ. ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿಯಿಂದ ದಿನಕ್ಕೆ ಎರಡು ಹೊತ್ತು, ಶಕ್ತಿಯಿದ್ದಷ್ಟು ಸಲ ಎದ್ದು ಕೂರಲಿ. ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಲಿ. ಊಟದಲ್ಲಿ ಬೇಳೆ, ಹಾಲು, ಮೊಸರು ಇರಲಿ.

ಬಿದ್ದವರನ್ನು ಗಾಬರಿಯಿಂದ ಥಟ್ಟನೆ ಎತ್ತಬೇಡಿ. ತೊಡೆಯ ಸಂದಿನಲ್ಲಿ ನೋವಿದ್ದು ನಿಲ್ಲಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ಸೊಂಟದ ಸಂದಿನ ಮೂಳೆ ಮುರಿದಿರಬಹುದು. ಆಗ ಎಣ್ಣೆ ತಿಕ್ಕುವುದಾಗಲಿ, ಪಟ್ಟು ಹಾಕಿಸುವುದಾಗಲಿ ಬೇಡ. ಮೂಳೆತಜ್ಞರಿರುವ ಆಸ್ಪತ್ರೆಗೆ ಕೂಡಲೇ ಒಯ್ಯಿರಿ. ತಡವಾದಷ್ಟೂ ಹಾಸಿಗೆಹುಣ್ಣು, ನ್ಯುಮೋನಿಯಾ ಹೆಚ್ಚು. ರಕ್ತ ತೆಳುಗೊಳಿಸುವ ಗುಳಿಗೆ ಸೇವಿಸುವವರ ತಲೆಗೆ ಪೆಟ್ಟಾದರೆ ನೋವಿಲ್ಲವೆಂದರೂ ಅಂದೇ ತೋರಿಸಬೇಕು.

“ಈಚೆಗೆ ಎಲ್ಲಾದರೂ ಜಾರಿದಿರಾ?” ಎಂದು ಹಿರಿಯರನ್ನು ಆಗಾಗ ಕೇಳುತ್ತಿರಿ. ಗದರುವ ಮನೆಯಲ್ಲಿ ಅವರು ಹೇಳುವುದಿಲ್ಲ. ಆ ತಾಯಿಯ ಮಗನಿಗೂ ನಾವು ಅಂದು ಹೇಳಿದ್ದು ಇಷ್ಟೇ. ಮಣಿಕಟ್ಟು ಕೂಡಿಕೊಂಡಿದೆ. ತುದಿಗೆ ರಬ್ಬರ್ ಹಾಕಿದ ಕೋಲು ಹಿಡಿದು ಅವರು ಈಗಲೂ ಹುಣ್ಣಿಮೆಗೆ ಮಠಕ್ಕೆ ಬರುತ್ತಾರೆ, ಮಗ ಜೊತೆಯಲ್ಲಿರುತ್ತಾನೆ.