ಬಲಗಡೆ ಉಳಿದುಹೋಗಿದ್ದ ಅಜ್ಜನ ದನಿ

ಯಲ್ಲಾಪುರದ ಗೆಳೆಯನ ಮನೆಯಿಂದ ಶಿರಸಿಗೆ ಬಸ್ಸಿನಲ್ಲಿ ಬರುತ್ತಿದ್ದೆ. ಇಯರ್‌ಫೋನಿನ ಬಲಭಾಗ ಕೆಟ್ಟು ವಾರವಾಗಿತ್ತು. ಬೀಟಲ್ಸ್ ತಂಡದ ಮೊದಲ ಆಲ್ಬಂ ‘ಪ್ಲೀಸ್ ಪ್ಲೀಸ್ ಮಿ’ ಹಚ್ಚಿದೆ. ಗಿಟಾರ್, ಡ್ರಮ್ಸ್ ಸೊಗಸಾಗಿ ಕೇಳುತ್ತಿದ್ದವು. ಹಾಡುವವರು ಮಾತ್ರ ಬಾವಿಯೊಳಗೆ ಕೂತು ಹಾಡಿದಂತಿತ್ತು. ಶಿರಸಿಯಲ್ಲಿ ಇಳಿದು ಹೊಸ ಇಯರ್‌ಫೋನ್ ಕೊಂಡು ಕೇಳಿದರೆ ದನಿಯೆಲ್ಲ ಬಲಗಿವಿಯಲ್ಲಿತ್ತು!

ಕಾರಣ ಹುಡುಕಿದೆ. 1963ರಲ್ಲಿ ಲಂಡನ್ನಿನ ಇಎಂಐ ಸ್ಟುಡಿಯೋದಲ್ಲಿ ಆ ಹಾಡುಗಳಲ್ಲಿ ಹೆಚ್ಚಿನವನ್ನು ಎರಡು ಟ್ರ್ಯಾಕಿನ ಯಂತ್ರದಲ್ಲಿ ಮುದ್ರಿಸಿದ್ದರು. ಒಂದರಲ್ಲಿ ವಾದ್ಯ, ಇನ್ನೊಂದರಲ್ಲಿ ದನಿ. ಎರಡನ್ನೂ ಹದವಾಗಿ ಬೆರೆಸಿ ಮೋನೋ ಮಾಡುವುದೇ ಮುಖ್ಯ ಉದ್ದೇಶ. ಆಗ ಹೆಚ್ಚಿನವರ ಮನೆಯಲ್ಲಿದ್ದದ್ದು ಮೋನೋ ಪ್ಲೇಯರ್. ಸ್ಟೀರಿಯೋ ಆವೃತ್ತಿಯಲ್ಲಿ ವಾದ್ಯ ಎಡಕ್ಕೆ, ದನಿ ಬಲಕ್ಕೆ ಹೋಯಿತು.

ದೇಶ ಬದಲಾದರೆ ಹಾಡಿನ ಸದ್ದೂ ಬದಲಾಗುತ್ತಿತ್ತು. ಅಮೆರಿಕದಲ್ಲಿ ಬೀಟಲ್ಸ್ ಹಾಡುಗಳನ್ನು ಹೊರತಂದ ಕ್ಯಾಪಿಟಲ್ ಕಂಪನಿ ಕೆಲವಕ್ಕೆ ಹೆಚ್ಚುವರಿ ಪ್ರತಿಧ್ವನಿ ಸೇರಿಸಿತು. ಇನ್ನು ಕೆಲವು ಮೋನೋ ಹಾಡುಗಳನ್ನು ಎರಡಾಗಿ ಸೀಳಿ, ಒಂದು ಕಡೆ ತೆಳು ಸ್ವರ, ಇನ್ನೊಂದು ಕಡೆ ದಪ್ಪ ಸ್ವರ ಇಟ್ಟು ‘ಡ್ಯುವೊಫೊನಿಕ್’ ಎಂದು ಮಾರಿತು. 1967ರ ‘ಸಾರ್ಜೆಂಟ್ ಪೆಪ್ಪರ್ಸ್’ ಆಲ್ಬಮ್ಮಿನಲ್ಲಿ ‘ಶೀಸ್ ಲೀವಿಂಗ್ ಹೋಮ್’ ಹಾಡಿನ ಮೋನೋ ಆವೃತ್ತಿ ಸ್ಟೀರಿಯೋಗಿಂತ ವೇಗವಾಗಿದೆ, ಶ್ರುತಿಯೂ ಏರಿದೆ. ಒಂದೇ ಹಾಡು, ಒಂದೇ ಗಾಯಕರು. ಬೆರೆಸಿದ ರೀತಿ ಬೇರೆ. 2009ರಲ್ಲಿ ಮೋನೋ ಆವೃತ್ತಿಗಳನ್ನೇ ಒಟ್ಟು ಮಾಡಿ ಸಿಡಿ ಪೆಟ್ಟಿಗೆ ತಂದಾಗ ಹಳೆಯ ಕೇಳುಗರು ಮುಗಿಬಿದ್ದದ್ದು ಇದಕ್ಕೇ.

ಇದನ್ನು ಓದುತ್ತಿದ್ದಾಗ ತಟ್ಟನೆ ನೆನಪಾದದ್ದು ಅಜ್ಜನ ಕ್ಯಾಸೆಟ್.

ನನ್ನಜ್ಜ ತಾಳಮದ್ದಳೆಯ ಅರ್ಥಧಾರಿ. ಸಿದ್ದಾಪುರದ ನೆಂಟರೊಬ್ಬರ ಮನೆಯಲ್ಲಿ ‘ಕರ್ಣಭೇದನ’ ನಡೆದಾಗ ಯಾರೋ ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದರು. ಭಾಗವತರು, ಮದ್ದಳೆ, ಚಂಡೆಯ ಎದುರು ಒಂದು. ಅರ್ಥ ಹೇಳುವವರ ಎದುರು ಇನ್ನೊಂದು. ಅಜ್ಜ ಈಗಿಲ್ಲ. ಅವರ ದನಿ ಇರುವುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಕಳೆದ ಮಳೆಗಾಲದಲ್ಲಿ ಅದಕ್ಕೂ ಬೂಷ್ಟು ಹಿಡಿಯತೊಡಗಿತ್ತು. ಯಲ್ಲಾಪುರದ ಗೆಳೆಯನ ಟೇಪ್‌ರೆಕಾರ್ಡರ್ ತಂದು, ವೈರ್ ಸಿಕ್ಕಿಸಿ, ಲ್ಯಾಪ್‌ಟಾಪಿಗೆ ಇಳಿಸಿ ಅಮ್ಮಮ್ಮನಿಗೆ ಕೇಳಿಸಿದೆ.

‘ತಮಾ, ಪದ ಕೇಳ್ತು, ಅಜ್ಜನ ಮಾತೇ ಇಲ್ಯಲ!’ ಎಂದರು.

ಟೇಪ್ ಸವೆದಿದೆ ಎಂದುಬಿಟ್ಟೆ. ಅವರು ಮತ್ತೇನೂ ಕೇಳಲಿಲ್ಲ. ಕ್ಯಾಸೆಟ್ ಮತ್ತೆ ಅಟ್ಟ ಸೇರಿತ್ತು.

ಬಸ್ಸಿನ ಪ್ರಸಂಗದ ಮರುದಿನ ಆ ವೈರ್ ತೆಗೆದು ನೋಡಿದೆ. ಪಿನ್ನಿನ ಮೇಲೆ ಒಂದೇ ಕಪ್ಪು ಪಟ್ಟಿ. ಸ್ಟೀರಿಯೋ ಪಿನ್ನಿಗೆ ಎರಡಿರಬೇಕು. ಅಂದರೆ ನಾನು ಎಡ ಚಾನೆಲ್ ಮಾತ್ರ ಇಳಿಸಿಕೊಂಡಿದ್ದೆ. ಬಿಇ ಓದುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಟೇಪ್ ಸವೆದಿರಲಿಲ್ಲ, ನನ್ನ ಗಮನ ಸವೆದಿತ್ತು.

ಸರಿಯಾದ ವೈರ್ ತಂದು, ಬೂಷ್ಟು ಒರೆಸಿ, ಮತ್ತೆ ಇಳಿಸಿದೆ. ಕಂಪ್ಯೂಟರ್ ಪರದೆಯ ಮೇಲೆ ಎರಡು ಬೇರೆ ಬೇರೆ ಅಲೆಗಳು ಮೂಡಿದವು. ಬಲಗಡೆಯ ಅಲೆಯಲ್ಲಿ ಅಜ್ಜ ಕರ್ಣನಾಗಿ ಮಾತನಾಡುತ್ತಿದ್ದರು, ನಡುವೆ ಒಮ್ಮೆ ಕೆಮ್ಮಿದ್ದೂ ಇತ್ತು.

ಅಮ್ಮಮ್ಮನಿಗೆ ಬಲಗಿವಿ ಅಷ್ಟಾಗಿ ಕೇಳುವುದಿಲ್ಲ. ಸ್ಟೀರಿಯೋ ಪ್ರತಿಯನ್ನು ಇಯರ್‌ಫೋನಿನಲ್ಲಿ ಕೊಟ್ಟರೆ ಅಜ್ಜ ಮತ್ತೆ ಮಾಯವಾಗುತ್ತಿದ್ದರು. ಹಾಗಾಗಿ ಎರಡೂ ಚಾನೆಲ್ ಬೆರೆಸಿ ಅವರಿಗಾಗಿ ಒಂದು ಮೋನೋ ಪ್ರತಿ ಮಾಡಿದೆ. ಮೂಲ ಸ್ಟೀರಿಯೋ ಪ್ರತಿಯನ್ನೂ ಹಾಗೇ ಉಳಿಸಿಕೊಂಡಿದ್ದೇನೆ. ಅಮ್ಮಮ್ಮ ಪ್ರಸಂಗ ಮುಗಿಯುವವರೆಗೂ ಕದಲಲಿಲ್ಲ. ಕೆಮ್ಮಿದಲ್ಲಿ ಮಾತ್ರ ನಕ್ಕರು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಸೆಟ್ ಇರಬಹುದು. ರಜೆಯಲ್ಲಿ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಎಡ, ಬಲ ಎರಡನ್ನೂ ಬೇರೆ ಬೇರೆಯಾಗಿ ಒಮ್ಮೆ ಕೇಳಿ. ಆಮೇಲಷ್ಟೇ ಟೇಪ್ ಹಾಳಾಗಿದೆ ಎನ್ನಿ.