ಬಿತ್ತನೆಗಿರುವ ಸಿದ್ಧತೆ ಹೆರಿಗೆಗೂ ಇರಲಿ

ಮುಂಗಾರು ಬಿತ್ತನೆಗೆ ನಾವು ಎಷ್ಟು ಮುಂಚಿತವಾಗಿ ಅಣಿಯಾಗುತ್ತೇವೆ! ಮಾಗಿ ಉಳುಮೆ ಮಾಡಿ, ಕೊಟ್ಟಿಗೆ ಗೊಬ್ಬರ ಹರಡಿ, ಬೀಜವನ್ನು ಮನೆಯಲ್ಲಿ ತಂದಿಟ್ಟುಕೊಂಡು ಮಳೆಯ ದಾರಿ ಕಾಯುತ್ತೇವೆ. ಮಳೆ ಯಾವ ದಿನ ಬರುವುದೆಂದು ತಿಳಿಯದಿದ್ದರೂ ಸಿದ್ಧತೆಯಲ್ಲಿ ಕೊರತೆ ಮಾಡುವುದಿಲ್ಲ. ತಿಂಗಳುಗಳ ಮೊದಲೇ ತಿಳಿದಿರುವ ಹೆರಿಗೆಗೆ ಮಾತ್ರ ಈ ಸಿದ್ಧತೆ ಇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ರಾಗಿ ಪ್ರಾತ್ಯಕ್ಷಿಕೆಯ ಕೊಯ್ಲಿಗೆಂದು ನಾನು ಒಂದು ಹಳ್ಳಿಯಲ್ಲಿ ತಂಗಿದ್ದೆ. ಅಂದು ರಾತ್ರಿ ನಮ್ಮ ರೈತರ ಸೊಸೆಗೆ ನೋವು ಕಾಣಿಸಿತು. ಬೆಳಗಾಗಲಿ ಎಂದು ಮನೆಯವರು ಕಾದರು. ರಕ್ತಸ್ರಾವ ಆರಂಭವಾದ ಮೇಲೆ ವಾಹನ ಹುಡುಕಲು ಹೊರಟರು. ಒಂದು ಟ್ರ್ಯಾಕ್ಟರಿಗೆ ಡೀಸೆಲ್ ಇರಲಿಲ್ಲ. ಇನ್ನೊಂದರ ಚಾಲಕ ಪರವೂರಿಗೆ ಹೋಗಿದ್ದ. ಹೀಗೆ ಎರಡು ಗಂಟೆ ಕಳೆಯಿತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಬೀಜೋಪಚಾರದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟಿದ್ದ ಮನೆ ಅದು. ನಾನೂ ಆರೇಳು ಬಾರಿ ಅಲ್ಲಿಗೆ ಹೋಗಿದ್ದೆ; ಬೆಳೆಯನ್ನು ಬಿಟ್ಟು ಬೇರೇನನ್ನೂ ವಿಚಾರಿಸಿರಲಿಲ್ಲ. ಈ ಲೇಖನಕ್ಕೆ ಅದೇ ಕಾರಣ.

ಖಾಸಗಿ ಆಸ್ಪತ್ರೆಗಳ ಸಹಭಾಗಿತ್ವ

ಹೆರಿಗೆ ತಜ್ಞರಲ್ಲಿ ಹೆಚ್ಚಿನವರು ಪಟ್ಟಣಗಳ ಖಾಸಗಿ ಆಸ್ಪತ್ರೆಗಳಲ್ಲಿದ್ದಾರೆ. ಬಡವರಿಗೂ ಅವರ ಸೇವೆ ಸಿಗಲೆಂದು ಗುಜರಾತ್ ಸರ್ಕಾರವು 2005ರ ಕೊನೆಯಲ್ಲಿ ಐದು ಜಿಲ್ಲೆಗಳಲ್ಲಿ ಚಿರಂಜೀವಿ ಯೋಜನೆಯನ್ನು ಆರಂಭಿಸಿತು. 100 ಹೆರಿಗೆಗಳಿಗೆ ಸುಮಾರು 1.8 ಲಕ್ಷ ರೂಪಾಯಿಗಳನ್ನು ಸರ್ಕಾರವೇ ವೈದ್ಯರಿಗೆ ಕೊಡುವ ಏರ್ಪಾಡು ಅದು. ಸಹಜ ಹೆರಿಗೆಯಾಗಲಿ, ಶಸ್ತ್ರಚಿಕಿತ್ಸೆಯಾಗಲಿ, ದರ ಒಂದೇ. ಇದರಿಂದ ಅನಗತ್ಯ ಶಸ್ತ್ರಚಿಕಿತ್ಸೆಗೆ ಆಸೆಪಡುವಂತಿರಲಿಲ್ಲ. ನಮ್ಮ ರಾಜ್ಯದಲ್ಲಿಯೂ 2009ರ ಸುಮಾರಿಗೆ ಇದೇ ಮಾದರಿಯ ‘ತಾಯಿ ಭಾಗ್ಯ’ ಯೋಜನೆ ಹಿಂದುಳಿದ ಜಿಲ್ಲೆಗಳಲ್ಲಿ ಜಾರಿಗೆ ಬಂದಿತು. 100 ಹೆರಿಗೆಗಳಿಗೆ 3 ಲಕ್ಷ ರೂಪಾಯಿ ನಿಗದಿಯಾಗಿತ್ತು.

ಆದರೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು, ಗುಜರಾತಿನಲ್ಲಿ ಆಸ್ಪತ್ರೆ ಹೆರಿಗೆಗಳು ಹೆಚ್ಚಿದ್ದಕ್ಕೆ ಈ ಯೋಜನೆಯೇ ಕಾರಣವೆನ್ನಲು ಆಧಾರ ಸಿಗಲಿಲ್ಲವೆಂದು ತಿಳಿಸಿತು. ನಾಲೆಗೆ ನೀರು ಬಿಟ್ಟ ಮಾತ್ರಕ್ಕೆ ಗದ್ದೆ ನೆನೆಯುವುದಿಲ್ಲ, ಹೊಲಗಾಲುವೆಯೂ ಬೇಕು. ಆಸ್ಪತ್ರೆಗೂ ಮನೆಗೂ ನಡುವಿನ ಆ ಕಾಲುವೆಯನ್ನು ತೋಡಬೇಕಾದವರು ಊರಿನವರೇ.

ಗಡಚಿರೋಲಿಯ ಪಾಠ

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳ ಸಂಸ್ಥೆಯು 39 ಹಳ್ಳಿಗಳಲ್ಲಿ ಆಯಾ ಊರಿನ ಹೆಣ್ಣುಮಕ್ಕಳಿಗೇ ಶಿಶುಪಾಲನೆಯ ತರಬೇತಿ ನೀಡಿತು. ಅವರು ಮನೆಮನೆಗೆ ಹೋಗಿ ಬಾಣಂತಿ ಮತ್ತು ಮಗುವನ್ನು ನೋಡಿಕೊಂಡರು. 1993–95ರಲ್ಲಿ ಅಲ್ಲಿ ಹುಟ್ಟಿದ ಪ್ರತಿ 1000 ಶಿಶುಗಳಲ್ಲಿ 62 ಶಿಶುಗಳು ಮೊದಲ ತಿಂಗಳಿನಲ್ಲೇ ಸಾಯುತ್ತಿದ್ದವು. 1997–98ರ ವೇಳೆಗೆ ಈ ಸಂಖ್ಯೆ ಸುಮಾರು 25ಕ್ಕೆ ಇಳಿಯಿತು. ಹೋಲಿಕೆಗೆಂದು ಆರಿಸಿಕೊಂಡಿದ್ದ ಇತರ ಹಳ್ಳಿಗಳಲ್ಲಿ ಇಂಥ ಇಳಿತ ಕಾಣಲಿಲ್ಲ. ಸಸಿಮಡಿಯಲ್ಲಿ ಮೊದಲ ವಾರಗಳ ಆರೈಕೆಯೇ ಮುಖ್ಯವೆಂದು ಬಲ್ಲ ರೈತರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 2011ರಿಂದ ಆಶಾ ಕಾರ್ಯಕರ್ತೆಯರು ಮನೆಗೆ ಭೇಟಿ ಕೊಡುವ ಪದ್ಧತಿ ದೇಶದಾದ್ಯಂತ ಜಾರಿಗೆ ಬಂದದ್ದಕ್ಕೆ ಈ ಅನುಭವವೂ ಆಧಾರವಾಯಿತು.

ಕರ್ನಾಟಕದಲ್ಲಿ 2001–03ರಲ್ಲಿ ಪ್ರತಿ ಲಕ್ಷ ಜೀವಂತ ಜನನಗಳಿಗೆ 228 ತಾಯಂದಿರು ಸಾಯುತ್ತಿದ್ದರು. 2018–20ರಲ್ಲಿ ಈ ಪ್ರಮಾಣ 69ಕ್ಕೆ ಇಳಿಯಿತು. ಉಳಿದ ಸಾವುಗಳಲ್ಲಿಯೂ ಹಲವನ್ನು ತಡೆಯಲು ಸಾಧ್ಯ.

ಅನುಸರಿಸಬೇಕಾದ ಕ್ರಮಗಳು

1. ಗರ್ಭ ನಿಂತದ್ದು ತಿಳಿದೊಡನೆ ಹೆಸರು ನೋಂದಾಯಿಸಿ, ತಾಯಿ ಕಾರ್ಡ್ ಪಡೆಯಿರಿ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ ನಡೆಯುತ್ತದೆ. 2016ರಲ್ಲಿ ಆರಂಭವಾದ ಈ ಅಭಿಯಾನದಲ್ಲಿ ಖಾಸಗಿ ವೈದ್ಯರೂ ಸ್ವಇಚ್ಛೆಯಿಂದ ಪಾಲ್ಗೊಳ್ಳಬಹುದು.

2. ಕಬ್ಬಿಣಾಂಶದ ಮಾತ್ರೆಗಳನ್ನು ತಪ್ಪದೆ ನುಂಗಬೇಕು. ಕಾಫಿ, ಚಹಾದ ಜೊತೆ ಬೇಡ. ರಾಗಿ, ಕಾಳು, ನುಗ್ಗೆಸೊಪ್ಪು ಊಟದಲ್ಲಿರಲಿ. ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಗರ್ಭಿಣಿ ಉಣ್ಣುವ ರೂಢಿ ನಿಲ್ಲಲಿ.

3. ಗರ್ಭಿಣಿಯರು ಔಷಧಿ ಸಿಂಪಡಿಸುವ ಕೆಲಸ ಮಾಡಬಾರದು. ಸಿಂಪಡಿಸಿದ ಬಟ್ಟೆಗಳನ್ನೂ ಒಗೆಯಬಾರದು. ಭಾರದ ಹೊರೆ ಹೊರಬಾರದು.

4. ಏಳನೆಯ ತಿಂಗಳಿನಲ್ಲೇ ಆಸ್ಪತ್ರೆ, ವಾಹನ, ರಕ್ತ ಕೊಡುವವರು, ಜೊತೆಗೆ ಹೋಗುವವರು, ಈ ನಾಲ್ಕನ್ನೂ ಗೊತ್ತುಮಾಡಿಕೊಳ್ಳಿ. 108 ವಾಹನ ತಡವಾದರೆ ಬದಲಿ ವ್ಯವಸ್ಥೆ ಇರಬೇಕು.

5. ರಕ್ತಸ್ರಾವ, ಫಿಟ್ಸ್, ಮುಖದ ಬಾವು, ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲೆಂದು ಕಾಯಬಾರದು. ಹೆರಿಗೆಯ ನಂತರದ ಅತಿ ರಕ್ತಸ್ರಾವ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು.

6. ಹುಟ್ಟಿದ ಮಗುವನ್ನು ಒರೆಸಿ, ತಾಯಿಯ ಮೈಗೆ ತಾಗಿಸಿ ಬೆಚ್ಚಗಿಡಿ. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿ, ಗಿಣ್ಣುಹಾಲನ್ನು ಚೆಲ್ಲಬೇಡಿ. ಮೊದಲ ದಿನ ಸ್ನಾನ ಬೇಡ. ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಉಸಿರಾಡುವಾಗ ಪಕ್ಕೆ ಒಳಕ್ಕೆ ಹೋದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಊರಿನ ಹೊಣೆ

ಹಾಲಿನ ಸಂಘದ ಹಲಗೆಯ ಮೇಲೆ ವಾಹನವುಳ್ಳ ನಾಲ್ವರ ಹೆಸರು, ದೂರವಾಣಿ ಸಂಖ್ಯೆಗಳನ್ನು ಬರೆದಿಡಿ. ಸ್ವಸಹಾಯ ಸಂಘಗಳು ತುರ್ತಿಗೆಂದು ಸ್ವಲ್ಪ ಹಣ ತೆಗೆದಿಡಲಿ. ತುಂಬು ಗರ್ಭಿಣಿಯಿರುವ ಮನೆಯ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಇರಲಿ. ಇದಾವುದಕ್ಕೂ ದೊಡ್ಡ ಖರ್ಚಿಲ್ಲ.

ಬಿತ್ತನೆ ತಪ್ಪಿದರೆ ಮುಂದಿನ ಹಂಗಾಮು ಇದೆ. ತಾಯಿ, ಮಗುವಿನ ವಿಷಯದಲ್ಲಿ ಹಾಗಿಲ್ಲ. ಆದ್ದರಿಂದ ಇಂದೇ ಮನೆಯ ಕ್ಯಾಲೆಂಡರ್ ಇಳಿಸಿ, ಹೆರಿಗೆಯ ದಿನಕ್ಕೊಂದು ಗುರುತು ಹಾಕಿರಿ.