ಏದುಸಿರು ಬಂದಾಗ ಮನಸ್ಸಿಗೂ ಆಸರೆ ಬೇಕು

ಮೂರನೇ ಮಹಡಿಯ ಕ್ಲಾಸಿಗೆ ಮೆಟ್ಟಿಲು ಓಡಿಕೊಂಡು ಹತ್ತಿದರೆ ನಮಗೆಲ್ಲ ಏದುಸಿರು ಬರುತ್ತದೆ. ಎರಡು ನಿಮಿಷ ಕುಳಿತರೆ ಸರಿಹೋಗುತ್ತದೆ ಎಂದು ಗೊತ್ತಿರುವುದರಿಂದ ಯಾರೂ ಹೆದರುವುದಿಲ್ಲ. ಆದರೆ ಶ್ವಾಸಕೋಶದ ಕ್ಯಾನ್ಸರ್ ಇರುವವರಿಗೆ ಬಚ್ಚಲುಮನೆಗೆ ಹೋಗಿ ಬಂದರೂ ಏದುಸಿರು ಬರಬಹುದು. ಆಗ ಅವರಿಗೆ 'ಇದೇ ಕೊನೆಯ ಉಸಿರೇನೋ' ಎಂಬ ಭಯ ಹುಟ್ಟುತ್ತದೆ.

ನಮ್ಮ ಮನೆಯ ಉರ್ದುವಿನಲ್ಲಿ ಇದಕ್ಕೆ 'ದಮ್ ಘುಟ್‌ನಾ' ಎನ್ನುತ್ತೇವೆ. ಮನಸ್ಸಿಗೆ ತುಂಬಾ ಕಷ್ಟವಾದಾಗಲೂ ಅದೇ ಮಾತು ಬಳಸುತ್ತೇವೆ. ಕನ್ನಡದಲ್ಲೂ 'ಉಸಿರುಗಟ್ಟುತ್ತದೆ' ಎಂಬ ಮಾತಿಗೆ ಈ ಎರಡೂ ಅರ್ಥಗಳಿವೆ. ಉಸಿರಿಗೂ ಮನಸ್ಸಿಗೂ ಇರುವ ನಂಟು ವೈದ್ಯಕೀಯವಾಗಿಯೂ ನಿಜ.

ಗೆಡ್ಡೆ ಶ್ವಾಸನಾಳವನ್ನು ಒತ್ತುವುದು, ಶ್ವಾಸಕೋಶದ ಸುತ್ತ ನೀರು ತುಂಬುವುದು, ಸೋಂಕು, ರಕ್ತಹೀನತೆ ಇವು ಏದುಸಿರಿಗೆ ಕಾರಣಗಳು. ವೈದ್ಯರು ಮೊದಲು ಇವುಗಳಿಗೆ ಚಿಕಿತ್ಸೆ ನೀಡುತ್ತಾರೆ. ಆದರೂ ಕೆಲವರಿಗೆ ಏದುಸಿರು ಉಳಿಯುತ್ತದೆ. ಬೆರಳಿಗೆ ಹಾಕುವ ಯಂತ್ರದಲ್ಲಿ ಆಕ್ಸಿಜನ್ ಸರಿಯಾಗಿ ಕಂಡರೂ ರೋಗಿಗೆ ಉಸಿರು ಸಾಲದಂತೆ ಅನಿಸಬಹುದು. ಅದು ನಾಟಕವಲ್ಲ.

ಇಲ್ಲಿ ಒಂದು ಸುಳಿ ಇದೆ. ಉಸಿರು ಸಾಲದಿದ್ದಾಗ ಹೆದರಿಕೆಯಾಗುತ್ತದೆ. ಹೆದರಿಕೆಯಿಂದ ಉಸಿರು ಮೇಲೆ ಮೇಲೆ, ಬೇಗ ಬೇಗ ಓಡುತ್ತದೆ. ಕುತ್ತಿಗೆ, ಭುಜದ ಸ್ನಾಯುಗಳು ಬಿಗಿದು ದಣಿಯುತ್ತವೆ. ಏದುಸಿರು ಇನ್ನೂ ಹೆಚ್ಚುತ್ತದೆ. ಭಯದಿಂದ ರೋಗಿ ಓಡಾಡುವುದನ್ನೇ ಬಿಟ್ಟರೆ ಕಾಲಿನ ಶಕ್ತಿ ಕುಗ್ಗಿ, ನಾಲ್ಕು ಹೆಜ್ಜೆಗೇ ಸುಸ್ತಾಗುತ್ತದೆ. ಮನಸ್ಸಿಗೆ ಆಸರೆ ಕೊಡುವುದೆಂದರೆ ಈ ಸುಳಿಯನ್ನು ಎಲ್ಲಾದರೂ ಒಂದು ಕಡೆ ತಡೆಯುವುದು.

ಬ್ರಿಟನ್ನಿನ 6 ಆಸ್ಪತ್ರೆಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಇದ್ದ 119 ಜನರ ಮೇಲೆ ನಡೆದ ಅಧ್ಯಯನವೊಂದು 1999ರಲ್ಲಿ ಪ್ರಕಟವಾಯಿತು. ಕೆಲವರನ್ನು ನರ್ಸ್‌ಗಳು ವಾರಕ್ಕೊಮ್ಮೆ ಭೇಟಿಯಾಗಿ ಭಯದ ಬಗ್ಗೆ ಮಾತಾಡಿಸಿದರು, ಉಸಿರಾಟದ ಅಭ್ಯಾಸ ಮತ್ತು ಮೈ ಸಡಿಲಿಸುವುದನ್ನು ಕಲಿಸಿದರು. 8 ವಾರಗಳ ನಂತರ ನೋಡಿದಾಗ, ಮಾಮೂಲಿ ಆರೈಕೆ ಪಡೆದವರಿಗಿಂತ ಇವರಲ್ಲಿ ಏದುಸಿರು, ಖಿನ್ನತೆ ಕಡಿಮೆಯಿತ್ತು. ದಿನನಿತ್ಯದ ಕೆಲಸ ಮಾಡುವ ಶಕ್ತಿಯೂ ಉತ್ತಮವಾಗಿತ್ತು. ಇದರಿಂದ ಕ್ಯಾನ್ಸರ್ ವಾಸಿಯಾಗುವುದಿಲ್ಲ, ಆದರೆ ಬದುಕುವ ದಿನಗಳು ಹಗುರವಾಗುತ್ತವೆ.

ಇಂತಹ ಕೆಲವು ಉಪಾಯಗಳು:

1. ಕುಳಿತು ಸ್ವಲ್ಪ ಮುಂದೆ ಬಾಗಿ, ಮೊಣಕೈಗಳನ್ನು ತೊಡೆ ಅಥವಾ ಮೇಜಿನ ಮೇಲೆ ಊರುವುದು. ಭುಜ ಸಡಿಲ ಬಿಡುವುದು.

2. ಮೂಗಿನಿಂದ ಉಸಿರೆಳೆದು, ದೀಪ ಊದುವಂತೆ ತುಟಿ ಮಾಡಿ ನಿಧಾನವಾಗಿ ಬಿಡುವುದು. ಬಿಡುವ ಕಡೆಗೇ ಹೆಚ್ಚು ಗಮನವಿರಲಿ.

3. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನ ಗಾಳಿಯನ್ನು ಮೂಗು, ಕೆನ್ನೆಗೆ ಬಿಡುವುದು. ತಂಪು ಗಾಳಿ ಏದುಸಿರಿನ ಅನುಭವವನ್ನು ತಗ್ಗಿಸುತ್ತದೆ.

4. ನಾವು ಕಾಮರ್ಸ್‌ನಲ್ಲಿ ಹಣಕ್ಕೆ ಬಜೆಟ್ ಮಾಡುವಂತೆ ಶಕ್ತಿಗೂ ಬಜೆಟ್ ಮಾಡುವುದು. ಮುಖ್ಯವಾದ ಕೆಲಸ ಮೊದಲು, ನಡುವೆ ವಿರಾಮ, ಸ್ನಾನಕ್ಕೆ ಸ್ಟೂಲ್.

5. 'ಹಿಂದೆಯೂ ಹೀಗಾಗಿತ್ತು, ಕಡಿಮೆಯಾಯಿತು' ಎಂಬ ಮಾತನ್ನು ಒಂದು ಚೀಟಿಯಲ್ಲಿ ಬರೆದು ಹಾಸಿಗೆಯ ಬಳಿ ಇಡುವುದು.

ಇವನ್ನು ಆರಾಮವಾಗಿದ್ದಾಗಲೇ ಅಭ್ಯಾಸ ಮಾಡಬೇಕು. ಏದುಸಿರು ಹಠಾತ್ತಾಗಿ ಹೆಚ್ಚಿದರೆ, ಎದೆನೋವು ಬಂದರೆ, ತುಟಿ ನೀಲಿಯಾದರೆ, ಕೆಮ್ಮಿನಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರೋಗಿಯನ್ನು ನೋಡಲು ಹೋಗುವುದನ್ನು ನಮ್ಮಲ್ಲಿ ಇಯಾದತ್ ಎನ್ನುತ್ತೇವೆ. ಹೋದಾಗ ನಾವು ಏನು ಮಾಡುತ್ತೇವೆ ಎಂಬುದೂ ಮುಖ್ಯ. ಹತ್ತು ಜನ ಹಾಸಿಗೆಯ ಸುತ್ತ ನಿಂತರೆ ಗಾಳಿಯೂ ಇಲ್ಲ, ನೆಮ್ಮದಿಯೂ ಇಲ್ಲ. 'ಬೀಡಿ ಸೇದುತ್ತಿದ್ದರಾ?' ಎಂದು ಕೇಳಬಾರದು. ಎಂದೂ ಸೇದದವರಿಗೂ ಈ ರೋಗ ಬರುತ್ತದೆ. ಸೇದಿದವರಿಗೂ ಆ ಪ್ರಶ್ನೆಯಿಂದ ನೋವಷ್ಟೇ ಸಿಗುತ್ತದೆ. 'ಹೆದರಬೇಡಿ' ಎನ್ನುವ ಬದಲು ಪಕ್ಕದಲ್ಲಿ ಕುಳಿತು, ಅವರ ಜೊತೆ ನಾವೂ ನಿಧಾನವಾಗಿ ಉಸಿರಾಡಬಹುದು. ಹೌದು, ಇಲ್ಲ ಎಂದು ತಲೆಯಾಡಿಸಿ ಹೇಳಬಹುದಾದ ಪ್ರಶ್ನೆಗಳನ್ನಷ್ಟೇ ಕೇಳಬಹುದು.

ರಾತ್ರಿಯೆಲ್ಲ ನೋಡಿಕೊಳ್ಳುವ ಅಮ್ಮಿ, ಅಕ್ಕ, ಅಣ್ಣನಿಗೂ ಭಯವಿರುತ್ತದೆ. ಅವರು 14416 ಟೆಲಿ ಮಾನಸ್ ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಕರುಣಾಶ್ರಯ ಸಂಸ್ಥೆ ಕ್ಯಾನ್ಸರ್ ಕೊನೆಯ ಹಂತ ತಲುಪಿದವರನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ನಮ್ಮ ಓಣಿಯಲ್ಲಿ ಇಂತಹ ಮನೆಯಿದ್ದರೆ ಈ ಮಾಹಿತಿ ತಲುಪಿಸೋಣ, ಆಗಾಗ ಅರ್ಧ ಗಂಟೆ ರೋಗಿಯ ಪಕ್ಕ ಕುಳಿತು ಮನೆಯವರಿಗೆ ವಿಶ್ರಾಂತಿ ಕೊಡೋಣ.